ನಾಲ್ಕನೆಯ ಸಾಲಿನ ಸ್ವರ

ಆಗೆಲ್ಲ ನಮ್ಮ ಲೆವೊಚಾ ಊರಿನಲ್ಲಿ ಖಾಲಿ ಕ್ಯಾಸೆಟ್ ಸಿಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ನಾನೇ ಬರೆಯುತ್ತಿದ್ದ ಸಾಹಸದ ಆಟದ ಚರ್ಚಿನ ದೃಶ್ಯಕ್ಕೆಂದು ಸ್ತೋತ್ರದ ಪುಸ್ತಕ ನೋಡಿ ಬೀಪ್ ಸಂಗೀತ ಕೂಡಿಸಿದ್ದೆ. ಕಂಪ್ಯೂಟರಿನಲ್ಲಿ ಬರೆದದ್ದನ್ನೂ ಆಗ ಕ್ಯಾಸೆಟ್ಟಿನಲ್ಲೇ ಉಳಿಸಬೇಕಿತ್ತು; ಅದಕ್ಕೆಂದು, ತೀರಿಹೋದ ಅಜ್ಜಿ ಹಾಡಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ಅಮ್ಮನಿಗೆ ಹೇಳದೆ ಅಳಿಸಿಬಿಟ್ಟೆ.

ಅದೇ ಮಧ್ಯಾಹ್ನ ಆ ಸಂಗೀತವನ್ನು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೇರಿಸಿ ನುಡಿಸಿದರೆ ನಾಲ್ಕನೆಯ ಸಾಲಿನಲ್ಲಿ ಒಂದು ಸ್ವರ ಇಳಿಯಿತು. ಪರದೆಯ ಮೇಲೆ ಆ ಸ್ವರದ ಅಂಕಿ ಸರಿಯಾಗಿಯೇ ಇತ್ತು. ಅಳಿಸಿ ಮತ್ತೆ ಬರೆದೆ, ಮತ್ತೆ ಇಳಿಯಿತು. ಸದಾ ಬೆಚ್ಚಗಿರುವ ಯಂತ್ರ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

ಅಡುಗೆಮನೆಯಿಂದ ಅಮ್ಮ ನಕ್ಕಳು. "ಲೋ ವೆಂದೆಲಿನ್, ಅಜ್ಜಿ ಕ್ಯಾಸೆಟ್ ಹಾಕಿದ್ಯೇನೋ? ಪಾಪ, ಸಾಯೋವರೆಗೂ ಈ ಸ್ತೋತ್ರದಲ್ಲಿ ಅಲ್ಲೇ ತಪ್ಪೋಳು."

ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತಳು. "ಇನ್ನೊಂದ್ಸಲ ಹಾಕೋ."

ಹಾಕಿದೆ. ಅಮ್ಮ ಕಣ್ಣೊರೆಸಿಕೊಂಡಳು. "ಅಜ್ಜಿ ದನಿ ಒಂಚೂರೂ ಕೆಟ್ಟಿಲ್ಲ ನೋಡು."

ನನಗೆ ಕೇಳಿಸಿದ್ದು ಬೀಪ್ ಮಾತ್ರ.