ಸರ್‌ನೇಮ್ ಇಲ್ಲದ ಮಂದಾಕಿನಿ

ಮಂದಾಕಿನಿಯ ಡಿಪ್ಲೊಮಾ ನಕಲಿ ಎಂದು ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಕಡತದಲ್ಲಿ ದಾಖಲಾಯಿತು. ಅದು ಅಸಲಿಯಾಗಿತ್ತು. ವಡೋದರಾದ ಗೋರ್ವಾ ಬಡಾವಣೆಯ ಕೆಮಿಕಲ್ ಲ್ಯಾಬ್ ಅದೇ ವಾರ ಅವಳನ್ನು ಕೆಲಸದಿಂದ ತೆಗೆಯಿತು.

ವಡೋದರಾದಿಂದ ರೈಲು ಹತ್ತಿ ಅಹಮದಾಬಾದಿಗೆ ಬಂದಳು. ಅಲ್ಲಿನ ನವರಂಗಪುರದ ಒಂದು ಆಫೀಸಿನಲ್ಲಿ ಫೈಲನ್ನು ಮೇಜಿನ ಮೇಲೆ ಕುಕ್ಕಿದಳು. ಸರ್ಟಿಫಿಕೇಟು ಅಸಲಿಯೋ ನಕಲಿಯೋ ಎಂದು ನೋಡಿ ದಾಖಲಿಸುವುದೇ ಆ ಕಂಪನಿಯ ಕಸುಬು. ಎದುರಿಗಿದ್ದವನು ಅಲ್ಲಿನ ಪರಿಶೀಲಕ.

“ಮೂರು ವರ್ಷ ಓದಿದೀನಿ! ನಕಲಿ ಅನ್ನೋಕೆ ನೀವು ಯಾರು?”

ಹಿಂದಿಯಲ್ಲಿ ಕೂಗಿದಳು. ಅವನು ಫೈಲನ್ನು ತನ್ನತ್ತ ಎಳೆದುಕೊಂಡ. ಅವಳು ತಲೆ ತಗ್ಗಿಸಿ ಕನ್ನಡದಲ್ಲಿ ಗೊಣಗಿದಳು, “ಇವರ ಮನೆ ಹಾಳಾಗ...”

“ಹಾಳಾಗೋಕೆ ಸ್ವಂತ ಮನೆ ಇಲ್ಲ ಮೇಡಂ. ಬಾಡಿಗೆ ರೂಮು.”

ಬೆಚ್ಚಿ ತಲೆಯೆತ್ತಿದಳು. ಕನ್ನಡ!

“ಗುರುಕಿರಣ್ ಅಂತ. ಹಾಸನದವನು. ಕೂತ್ಕೊಳ್ಳಿ. ನೀರು ಕುಡೀರಿ, ಆಮೇಲೆ ಬೈಯಿರಿ.”

ಅವಳು ಕೂತಳು. ನೀರು ಕುಡಿಯಲಿಲ್ಲ, ಅತ್ತಳು.

ಅವನು ಅವಳ ದಾಖಲೆ ತೆರೆದ. ಓದುತ್ತ ಓದುತ್ತ ಅವನ ಮುಖ ಬಿಳಚಿಕೊಂಡಿತು. ಕಣ್ಣೊರೆಸಿಕೊಳ್ಳುತ್ತಿದ್ದ ಮಂದಾಕಿನಿಗೆ ಅದು ಕಾಣಲಿಲ್ಲ.

“ಊರಿನ ಮಾರ್ಕ್ಸ್‌ಕಾರ್ಡಲ್ಲಿ ಮಂದಾಕಿನಿ ಎಚ್. ಅಂತಿದೆ. ಇಲ್ಲಿನ ಟ್ರೈನಿಂಗ್ ರೆಕಾರ್ಡಲ್ಲಿ ಮಂದಾಕಿನಿ ಹಾಲಪ್ಪ. ಸಿಸ್ಟಮ್ ನಿಮ್ಮನ್ನ ಇಬ್ಬರು ಬೇರೆ ಬೇರೆ ಹುಡುಗೀರು ಅಂದ್ಕೊಂಡು, ಡಿಪ್ಲೊಮಾ ನಿಮ್ಮದಲ್ಲ ಅಂದಿದೆ.”

“ಹಾಲಪ್ಪ ನಮ್ಮಪ್ಪ ಕಣ್ರೀ! ಈ ಊರಲ್ಲಿ ಸರ್‌ನೇಮ್ ಇಲ್ದಿದ್ರೆ ಫಾರಮ್ಮೇ ಮುಂದಕ್ಕೆ ಹೋಗಲ್ಲ. ಅದಕ್ಕೆ ಅಪ್ಪನ ಹೆಸರು ತುಂಬಿದ್ರು. ಅಳಿಸ್ರಿ ಅದನ್ನ.”

“ಅಳಿಸೋಕಾಗಲ್ಲ. ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ಬರೆದದ್ದು ಬರೆದದ್ದೇ. ಅದರ ಕೆಳಗೆ ತಿದ್ದುಪಡಿ ಅಂತ ಇನ್ನೊಂದು ಸಾಲು ಸೇರಿಸಬಹುದು, ಅಷ್ಟೇ.”

‘ಸುಳ್ಳು ಶಾಶ್ವತ, ನಿಜ ಅದಕ್ಕೊಂದು ತಿದ್ದುಪಡಿ... ಚೆನ್ನಾಗೈತೆ ನಿಮ್ಮ ನ್ಯಾಯ!’

“ನಾನು ಪ್ರಯತ್ನ ಮಾಡ್ತೀನಿ,” ಎಂದ ಅವನು. ಅವನ ದನಿಯಲ್ಲಿ ಏನೋ ನೋವಿತ್ತು. ಅವಳು ನಂಬಿದಳು.

ಆಮೇಲೆ ಭಾನುವಾರಗಳು ಬಂದವು. ಸಹಿ ಬೇಕು, ಜೆರಾಕ್ಸ್ ಬೇಕು ಎಂಬ ನೆಪ ಹಿಡಿದು ಅವನು ವಡೋದರಾದ ಅವಳ ಮನೆಗೆ, ರೈಲ್ವೆ ಕ್ವಾರ್ಟರ್ಸಿಗೆ ಬರುತ್ತಿದ್ದ. ಹರಿಹರದಿಂದ ವರ್ಗವಾಗಿ ಬಂದಿದ್ದ ಹಾಲಪ್ಪನವರು ಬಾಗಿಲಲ್ಲೇ ಕಿಚಾಯಿಸುತ್ತಿದ್ದರು.

“ಏನಪ್ಪಾ ಹಾಸನ, ನಿಮ್ಮ ತಿದ್ದುಪಡಿ ನಮ್ಮನೆ ಊಟದ ಹೊತ್ತಿಗೇ ಬರ್ತೈತಲ್ಲ?”

“ಸಾರಿನ ವಾಸನೆ ನವರಂಗಪುರದವರೆಗೂ ಬರುತ್ತೆ ಸರ್.”

ಒಳಗೆ ಮಂದಾಕಿನಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಕೆಲಸ ಹೋದ ಮೇಲೆ ಅವಳು ನಗುತ್ತಿದ್ದದ್ದು ವಾರಕ್ಕೆ ಆ ಒಂದೇ ದಿನ.

ಅಂಥದೇ ಒಂದು ಸಂಜೆ, ಕಮಾಟಿ ಬಾಗ್ ಪಾರ್ಕಿನ ಬೆಂಚಿನ ಮೇಲೆ ಅವನು ಇದ್ದಕ್ಕಿದ್ದಂತೆ ಹೇಳಿದ.

“ಮಂದಾಕಿನಿ... ನಕಲಿ ಅನ್ನೋ ಆ ಸಾಲಿಗೆ ಒಪ್ಪಿಗೆ ಒತ್ತಿದ್ದು ನಾನೇ.”

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಡವಾಗಿತ್ತು.

“ಸಿಸ್ಟಮ್ ಕೆಂಪು ತೋರಿಸಿದ್ದನ್ನೆಲ್ಲ ಒಟ್ಟಿಗೆ ಟಿಕ್ ಮಾಡಿ ಒತ್ತಿಬಿಡ್ತೀವಿ. ಯಾರೂ ತೆರೆದು ನೋಡಲ್ಲ.”

“ತೆರೆದು ನೋಡಿದ್ರೆ?”

“ಗೊತ್ತಾಗ್ತಿತ್ತು. ನನಗೂ ಸರ್‌ನೇಮ್ ಇಲ್ವಲ್ಲ...”

“ಮೊದಲನೇ ದಿನಾನೇ ತಿಳಿದಿತ್ತಾ?”

ಅವನು ಹೌದೆಂದು ತಲೆಯಾಡಿಸಿದ.

“ತಿಳಿದೂ ನಮ್ಮನೆ ಅನ್ನ ಉಂಡ್ರಲ್ರೀ! ನಮ್ಮಪ್ಪನ ಎದುರು ಕೂತು ನಕ್ಕಿರಲ್ರೀ!”

ತಿರುಗಿ ನೋಡದೆ ಹೊರಟುಹೋದಳು. ಮನೆಗೆ ಬಂದು, ಅಪ್ಪನಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡು ಅತ್ತಳು.

ಅವನು ಮಾಡಿದ ಫೋನುಗಳಿಗೆ ಅವಳು ಉತ್ತರಿಸಲಿಲ್ಲ. ಕೆಲವು ವಾರಗಳ ಮೇಲೆ ಸೂರತ್‌ನ ಬಟ್ಟೆ ಮಿಲ್ಲೊಂದರ ಲ್ಯಾಬ್ ಅವಳನ್ನು ಆರಿಸಿತು. ಷರತ್ತು ಒಂದೇ, ಡಿಪ್ಲೊಮಾ ಅಸಲಿ ಎಂದು ದಾಖಲೆ ಹಸಿರಾಗಬೇಕು. ಅಪ್ಪ ನಿವೃತ್ತಿಯ ಅಂಚಿನಲ್ಲಿದ್ದರು. ಕ್ವಾರ್ಟರ್ಸ್ ಬಿಡಬೇಕಿತ್ತು. ಆಗಲೇ ನವರಂಗಪುರದ ಆಫೀಸಿನ ಮ್ಯಾನೇಜರ್, ಎಲ್ಲರೂ ಬೆನ್ ಅಂದರೆ ಅಕ್ಕ ಎನ್ನುವ ಹೇತಲ್‌ಬೆನ್, ಅವಳನ್ನು ಕರೆಸಿದರು.

ಒಳಗೆ ಗುರುಕಿರಣ್ ನಿಂತಿದ್ದ. ಸೊರಗಿದ್ದ. ಅವಳು ಮುಖ ತಿರುಗಿಸಿ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತಳು.

“ತುಂಬಾ ಸುಲಭ ಬೇಟಾ,” ಹೇತಲ್‌ಬೆನ್ ಹಿಂದಿಯಲ್ಲಿ, ಬೆಣ್ಣೆಯಂಥ ದನಿಯಲ್ಲಿ ಹೇಳಿದರು. “‘ತಪ್ಪು ಮಾಹಿತಿ ಕೊಟ್ಟಿದ್ದು ನಾನೇ’ ಅಂತ ಒಂದು ಸಾಲು. ನೀನು ಹೆಬ್ಬೆಟ್ಟು ಇಡು, ಗುರುಕಿರಣ್ ಒಪ್ಪಿಗೆ ಒತ್ತುತ್ತಾನೆ. ನಾಳೆ ನಿನ್ನ ದಾಖಲೆ ಹಸಿರು.”

‘ಅದೂ ಅಳಿಸೋಕಾಗದ ಸಾಲೇ... ಸಾಯೋ ತನಕ ನನ್ನ ಹೆಸರಿನ ಕೆಳಗೆ ನಾನೇ ಕಳ್ಳಿ! ಆದರೆ ಅಪ್ಪ? ಮುಂದಿನ ತಿಂಗಳು ಎಲ್ಲಿರೋದು?’

ಅವಳ ಹೆಬ್ಬೆರಳು ಮೇಜಿನ ಮೇಲಿದ್ದ ಬೆರಳಚ್ಚು ಮಷೀನಿನ ಹತ್ತಿರ ಹೋಯಿತು.

“ಒತ್ತಬೇಡಿ!”

ಗುರುಕಿರಣ್ ಮುಂದೆ ಬಂದ. ಹೇತಲ್‌ಬೆನ್ ಕಡೆ ತಿರುಗಿದ.

“ತೆರೆದು ನೋಡದೆ ಒತ್ತಿದವನು ನಾನು. ‘ಪರಿಶೀಲಕನ ತಪ್ಪು’ ಅಂತ ಬರೀರಿ, ಈಗಲೇ ಒಪ್ಪಿಗೆ ಕೊಡ್ತೀನಿ. ಈ ಸುಳ್ಳಿಗೆ ಕೊಡಲ್ಲ.”

“ಹುಚ್ಚಾ ನಿನಗೆ? ಹಾಗೆ ಬರೆದರೆ ಸರ್‌ನೇಮ್ ಇಲ್ಲದೆ ಕೆಂಪಾದವರೆಲ್ಲ ನಮ್ಮ ಬಾಗಿಲಿಗೆ ಬರ್ತಾರೆ!”

“ಬರಲಿ. ಅವರದ್ದನ್ನೂ ಒತ್ತಿದ್ದು ನಾವೇ ತಾನೇ?”

ಬೆಣ್ಣೆಯ ದನಿ ಕರಗಿಹೋಯಿತು. “ಐಡಿ ಕಾರ್ಡ್ ಇಟ್ಟು ಹೊರಡು.”

ಅವನು ಕತ್ತಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಮಂದಾಕಿನಿ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡಳು.

“ಸೂರತ್ ಕೆಲಸ ಹೋಗುತ್ತೆ, ಮಂದಾಕಿನಿ...” ಅವನು ಪಿಸುಗುಟ್ಟಿದ.

“ಗೊತ್ತೈತೆ.”

“ನನ್ನ ಮೇಲಿನ ಸಿಟ್ಟು?”

“ಐತೆ. ಇರ್ತೈತೆ.” ಅವಳ ಕಣ್ಣು ತುಂಬಿ ಬಂತು. “ನೀವೂ ಇರ್ರಿ.”

“...ಎಷ್ಟು ದಿನ?”

“ಸಿಟ್ಟು ಹೋದ ಮೇಲೂ.”

ಹೇತಲ್‌ಬೆನ್ ಬಾಗಿಲು ತೆರೆದು ಹಿಡಿದರು. “ಸೆಕ್ಯೂರಿಟಿ ಕರೀತೀನಿ. ಇಬ್ಬರೂ ಆಚೆ ನಡೀರಿ.”

ಮಂದಾಕಿನಿ ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕಕ್ಕೆ ಹಾಕಿದಳು. ಗುರುಕಿರಣ್ ಬಂದು ಕೂತ.

“ಕರೀರಿ ಬೆನ್,” ಎಂದಳು. “ನಿಜ ಬರೆಯೋ ತನಕ ನಾವು ಏಳಲ್ಲ.”