ಆಕ್ಸಲ್ ಮೇಲಿನ ನೀಲಿ ಕಲೆ

ಮುರಿದ ಆಕ್ಸಲ್ ತುಂಡು ದೇವರಾಜುವಿನ ಕಾಲ ಬಳಿ ಠಣ್ಣನೆ ಬಿತ್ತು.

"ನಮ್ಮಣ್ಣನ ಕಾಲು ತಗ್ದೇಬುಟ್ರು ಆಸ್ಪತ್ರೇಲಿ! ನೀನು ಸರ್ಯಾಗಿ ಗುಂಡಿನೇಟು ಕೊಟ್ಟಿದ್ರೆ ಇದು ಮುರೀತಿತ್ತಾ?"

ಎಸೆದವಳು ಪ್ರಮೀಳಾ. ಅದು 1996. ಪಾಂಡವಪುರದ ಆ ಶೆಡ್ಡಿನಲ್ಲಿ ಗಟ್ಟಿ ಮಾಡಿದ ಉಕ್ಕಿನ ಆಕ್ಸಲ್‌ಗಳಿಗೆ ಸಾಸಿವೆಯಷ್ಟು ಸಣ್ಣ ಉಕ್ಕಿನ ಗುಂಡುಗಳನ್ನು ಯಂತ್ರದಿಂದ ಹೊಡೆಸುವವನು ದೇವರಾಜು. ಆ ಏಟು ತಿಂದ ಮೈ ಬೇಗ ಬಿರುಕು ಬಿಡುವುದಿಲ್ಲ. ಆಮೇಲೆ ನಯವಾದ ಎಮೆರಿ ಪೇಪರಿನಲ್ಲಿ ಹಗುರವಾಗಿ ಉಜ್ಜುವುದು ಪ್ರಮೀಳಾಳ ಕೆಲಸ. ಅವಳ ಅಣ್ಣ ನಂಜಪ್ಪನ ಟ್ರಾಕ್ಟರಿಗೂ ಅಲ್ಲಿಂದಲೇ ಆಕ್ಸಲ್ ಹೋಗಿತ್ತು. ಚಿನಕುರಳಿಯ ಇಳಿಜಾರಿನಲ್ಲಿ, ಕಲ್ಲಿನ ಲೋಡು ಹೊತ್ತಿದ್ದಾಗ ಅದು ಮುರಿದು, ಟ್ರಾಕ್ಟರ್ ಅವನ ಕಾಲ ಮೇಲೆ ಮಗುಚಿತ್ತು.

ದೇವರಾಜು ತುಂಡನ್ನು ಎತ್ತಿ ತಿರುಗಿಸಿದ. ಬೆರಳು ಒಂದು ಕಡೆ ನಿಂತಿತು. ಅವಳನ್ನೊಮ್ಮೆ ನೋಡಿದ... ತುಂಡನ್ನು ಬಟ್ಟೆಯಲ್ಲಿ ಸುತ್ತಿದ.

"ನಂದೇ ತಪ್ಪು."

ಅಷ್ಟೇ! ಆ ಸಂಜೆಯೇ ಅವನ ಕೆಲಸ ಹೋಯಿತು.

ಎರಡು ವರ್ಷ ಕದ್ದು ಕದ್ದು ನೋಡಿದ್ದ ಆ ಮುಖಕ್ಕೆ ಪ್ರಮೀಳಾ ಹಿಡಿಶಾಪ ಹಾಕಿದಳು. 'ಪಾಪಿ... ಇವನನ್ನೇ ನಾನು ಇಷ್ಟಪಟ್ಟಿದ್ದು?'

ತಿಂಗಳಾದ ಮೇಲೆ ಶೆಡ್ಡಿನ ಮೇಸ್ತ್ರಿ ಚೌಡಯ್ಯ ದೇವರಾಜುವಿನ ಪೆಟ್ಟಿಗೆ ಖಾಲಿ ಮಾಡುವಾಗ ಆ ತುಂಡು ಸಿಕ್ಕಿತು.

"ಇಲ್ನೋಡವ್ವ, ನೀಲಿ ಕಲೆ. ಚಕ್ರದ ಬಿಸಿಗೆ ಉಕ್ಕು ಇಂಗೆ ನೀಲಿಯಾಗ್ತದೆ. ಏಟು ತಿಂದ್ಮೇಲೆ ಯಾರೋ ಇದ್ನ ಗ್ರೈಂಡಿಂಗ್ ಚಕ್ರಕ್ಕೆ ಇಡ್ದವ್ರೆ. ಗಟ್ಟಿಯಾದ ಮೇಲ್ಮೈಯೆಲ್ಲ ಸವ್ದೋಗದೆ. ಆ ಉಡುಗುಂದೇನೂ ತಪ್ಪಿಲ್ಲ."

ಪ್ರಮೀಳಾ ಆ ಕಲೆಯ ಮೇಲೆ ಬೆರಳಿಟ್ಟಳು. ಅಣ್ಣನ ಗಾಡಿಗೆ ಹೋಗುವುದು ಮಂಕಾಗಿರಬಾರದೆಂದು, ಎಲ್ಲರೂ ಊಟಕ್ಕೆ ಹೋದಾಗ, ಫಳಫಳ ಹೊಳೆಯುವವರೆಗೆ ಅದನ್ನು ಚಕ್ರಕ್ಕೆ ಹಿಡಿದವಳು ಅವಳೇ!

'ಅಯ್ಯೋ... ನಾನೇ ಕಣಣ್ಣ...'

ಅಂದೇ ಅಣ್ಣನಿಗೆ ಹೇಳಿದಳು. ನಂಜಪ್ಪ ಬೈಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ. ಮೂರು ದಿನವಾದರೂ ಅವಳೊಡನೆ ಒಂದು ಮಾತಾಡಲಿಲ್ಲ.

ನಾಲ್ಕನೇ ದಿನ ಅವಳು ದೇವರಾಜು ಎಲ್ಲಿದ್ದಾನೆಂದು ಚೌಡಯ್ಯನನ್ನು ಕೇಳಿ, ಬಸ್ಸು ಹತ್ತಿ ಕಿಕ್ಕೇರಿಗೆ ಹೋದಳು. ಅಲ್ಲಿನ ವೆಲ್ಡಿಂಗ್ ಅಂಗಡಿಯಲ್ಲಿ ದೇವರಾಜು ಕಪ್ಪು ಕನ್ನಡಕ ತೆಗೆದು ಎದ್ದು ನಿಂತ.

"ನಿಂಗೆ ಗೊತ್ತಿತ್ತು! ಯಾಕೆ ಒಪ್ಕಂಡೆ?"

"ದಿನಾ ನಿಮ್ಮಣ್ಣಂಗೆ ಅನ್ನ ಇಕ್ಕೋಳು ನೀನು. ಗೊತ್ತಾದ್ರೆ ಎಂಗಮ್ಮಿ ಅವನ ಮೊಕ ನೋಡೀಯೆ? ನಂಗೆ ನೀನಂದ್ರೆ ಇಷ್ಟ... ಕೆಲ್ಸ ಇನ್ನೊಂದು ಸಿಕ್ತದೆ."

ಅವಳು ಬಿಕ್ಕಿದಳು. "ನಂಗೂ ನೀನಂದ್ರೆ ಪ್ರಾಣ ಕಣೋ... ಅಣ್ಣಂಗೆ ಎಲ್ಲಾ ಏಳ್ಬುಟ್ಟೆ. ಅವನು ಮಾತೇ ಆಡ್ತಿಲ್ಲ."

ದೇವರಾಜು ಕೈ ಒರೆಸಿಕೊಂಡು, ಮಾಲೀಕನಿಗೆ ಹೇಳಿ ಹೊರಗೆ ಬಂದ.

"ನಡಿ. ಅವನು ಬಯ್ಯೋಗಂಟ ಅವನ ಮಂಚದ ತಾವ್ಲೇ ಇಬ್ರೂ ಕೂತ್ಕಳಾನ."

"ಬಯ್ದೇ ಓದ್ರೆ?"

"ನಾಳೆನೂ ಕೂತ್ಕಳಾನ."