ಮಾರಿದ ಗಾಡಿಯ ಲಗಾಮು

ಅಕ್ಟೋಬರ್ ಹನ್ನೆರಡರ ಬೆಳಗ್ಗೆ ಹಣೆಗೆ ಪಟ್ಟಿ ಕಟ್ಟಿಕೊಂಡ ಶಾಲಾ ಶಿಕ್ಷಕಿ ಝಿಪಾರ್, ಕೊಚ್ಕೋರ್ ಊರಿನ ಠಾಣೆಗೆ ಬಂದು ದೂರು ಕೊಟ್ಟಳು. ಗ್ಯಾರೇಜಿನಲ್ಲಿ ಬ್ರೇಕ್ ರಿಪೇರಿಯಾದ ಮರುದಿನವೇ ಅವಳ ಹಳೆಯ ಮಾಸ್ಕ್ವಿಚ್ ಕಾರು ದೊಲೊನ್ ಘಾಟಿಯ ಇಳಿಜಾರಿನಲ್ಲಿ ನಿಲ್ಲದೆ ಬಂಡೆಗೆ ಬಡಿದಿತ್ತು. ಎಫ್‌ಐಆರ್‌ನಲ್ಲಿ ಮೆಕ್ಯಾನಿಕ್ ಕುಬಾನ್‌ನ ಹೆಸರು ಬಿತ್ತು. ಸಾಬೀತಾದರೆ ಅವನಿಗೆ ಜೈಲು, ಗ್ಯಾರೇಜಿಗೆ ಬೀಗ.

ಕುಬಾನ್ ಕೈ ಹಾಕಿದ ಗಾಡಿ ಕೈ ಕೊಟ್ಟದ್ದನ್ನು ಇನ್ಸ್‌ಪೆಕ್ಟರ್ ಬೆಕ್ಟೂರ್ ಕೇಳಿರಲಿಲ್ಲ. ಆ ನೀಲಿ ಕಾರನ್ನೂ ಅವನು ಬಲ್ಲ. ಒಂದು ಕಾಲಕ್ಕೆ ಊರಿಗೆಲ್ಲ ಅದೊಂದೇ ಕಾರು. ಹುಡುಗರೆಲ್ಲ ಧೂಳು ಕುಡಿಯುತ್ತ ಅದರ ಹಿಂದೆ ಓಡುತ್ತಿದ್ದರು. ಎಂಥ ದಿನಗಳವು!

"ಘಾಟಿ ಹತ್ತುವಾಗ ಹೇಗಿತ್ತು?" ಅವನು ಝಿಪಾರ್‌ಳನ್ನು ಕೇಳಿದ.

"ಎಳೀತಾನೇ ಇರ್ಲಿಲ್ಲ ಸಾರ್. ಹಿಂದಿದ್ದ ಲಾರಿಯವನು, 'ಅಕ್ಕಾ, ಹತ್ತೋವಾಗ್ಲೂ ಬ್ರೇಕ್ ತುಳೀತೀಯಲ್ಲಾ' ಅಂತ ನಕ್ಕ. ಕೆಂಪು ದೀಪ ಆರ್ಲೇ ಇಲ್ವಂತೆ."

"ತುಳಿದಿದ್ರಾ?"

"ಕಾಲೇ ಇಟ್ಟಿರ್ಲಿಲ್ಲ."

ಠಾಣೆಯ ಅಂಗಳದಲ್ಲಿ, ಪಂಚರ ಎದುರು, ಕುಬಾನ್ ಪೆಡಲ್ ಒತ್ತಿ ಬಿಟ್ಟ. ಅದು ಮೇಲೆ ಬರಲಿಲ್ಲ. ಅವನು ಟಾರ್ಚ್ ಹಿಡಿದು ಕೆಳಗೆ ಬಗ್ಗಿದ.

"ಪೆಡಲ್ ಎತ್ತೋ ಸ್ಪ್ರಿಂಗೇ ಇಲ್ಲ. ಬ್ರೇಕ್ ಹಿಡ್ಕೊಂಡೇ ಇದ್ದು, ಕಾದು ಕಾದು ಬ್ರೇಕ್ ಎಣ್ಣೆ ಕುದ್ದಿದೆ. ಆಮೇಲೆ ಇಳಿಜಾರಲ್ಲಿ ತುಳಿದ್ರೆ ಎಲ್ಲಿ ಹಿಡಿಯುತ್ತೆ?"

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ," ಪೇದೆ ಅಕ್ಮತ್ ನಕ್ಕ. "ಹಾಕೋದು ಮರೆತೆ ಅನ್ನು."

"ಹಾಕಿ, ಓಡ್ಸಿ ನೋಡಿ ನಿಲ್ಸಿದ್ದೆ ಕಣಯ್ಯಾ!"

"ಆಮೇಲೆ ಯಾರು ಮುಟ್ಟಿದ್ರು?" ಬೆಕ್ಟೂರ್ ಕೇಳಿದ.

ಕುಬಾನ್ ನೆಲ ನೋಡಿದ. "ಓಸ್ಮೊನ್ ಅಜ್ಜ ಬಂದಿದ್ರು. ಅವರೇ ಮಾರಿದ ಗಾಡಿ. ಸ್ವಲ್ಪ ಒಳಗೆ ಕೂರ್ಲಾ ಅಂದ್ರು. ಬೇಡ ಅನ್ನಕ್ಕಾಗುತ್ತಾ? ನಾನು ಚಹಾ ತರಕ್ಕೆ ಹೋದೆ."

ಬೆಕ್ಟೂರ್ ಮನೆಗೆ ಹೋದಾಗ ಓಸ್ಮೊನ್ ಬಾಗಿಲಲ್ಲೇ ರೊಟ್ಟಿ ಮುರಿದು ಕೊಟ್ಟ. ಒಳಗೆ ಗೋಡೆಯ ಮೊಳೆಗಳಲ್ಲಿ ಹಳೆಯ ಲಗಾಮುಗಳು ತೂಗುತ್ತಿದ್ದವು. ಕುದುರೆ ಮಾರಿದರೂ ಲಗಾಮನ್ನು ಯಾರೂ ಕೊಡುವುದಿಲ್ಲ. ಕೊಟ್ಟರೆ ಮನೆಯ ಅದೃಷ್ಟವೂ ಅದರ ಜೊತೆ ಹೋಗುತ್ತದೆ. ಕೊನೆಯ ಮೊಳೆಯಲ್ಲಿ ಸ್ಪ್ರಿಂಗಿತ್ತು.

"ಯಾಕೆ ತೆಗೆದ್ರಿ ಅಜ್ಜ?"

"ಗಾಡಿದು ಏನೂ ಇಟ್ಕೊಳ್ದೆ ಮಾರ್ಬಿಟ್ಟಿದ್ದೆ ಮಗಾ. ಮನಸ್ಸಿಗೆ ನೆಮ್ಮದೀನೇ ಇರ್ಲಿಲ್ಲ. ಆ ಸ್ಪ್ರಿಂಗು ನಾನೇ ಕೈಯಾರೆ ಬಗ್ಗಿಸಿ ಸಿಕ್ಸಿದ್ದು. ಇಷ್ಟು ಚಿಕ್ಕದು, ಇನ್ನೊಂದು ಹಾಕ್ಕೋತಾರೆ ಅಂದ್ಕೊಂಡೆ." ಅವನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ಆ ಟೀಚರ್ ಹುಡುಗಿ?"

"ಬದುಕಿದಾಳೆ."

ಮುದುಕ ಮುಖ ಮುಚ್ಚಿಕೊಂಡು ಅತ್ತ. ಅವನ ರೊಟ್ಟಿ ತಿಂದು ಅವನನ್ನೇ ಹಿಡಿಯಬೇಕಲ್ಲ ಎಂದು ಬೆಕ್ಟೂರ್‌ಗೆ ಸಂಕಟವಾಯಿತು.

ಸ್ಪ್ರಿಂಗು ಪಂಚನಾಮೆಗೆ ಸೇರಿತು. ಸಂಜೆ ನಾಲ್ಕಕ್ಕೆ ಓಸ್ಮೊನ್‌ನನ್ನು ಬಂಧಿಸಲಾಯಿತು. ಕುಬಾನ್‌ನ ಹೆಸರನ್ನು ಕೈಬಿಡಲಾಯಿತು. ಹೊಸ್ತಿಲು ದಾಟುವಾಗ ಮುದುಕ ಖಾಲಿ ಮೊಳೆಯತ್ತ ತಿರುಗಿ ನೋಡಿದ.

"ಲಗಾಮು ಬಿಚ್ಚಿಡೋದೆಲ್ಲ ನಮ್ಮೋಳ ಕೆಲಸ ಆಗಿತ್ತು," ಎಂದ. "ಅವಳಿದ್ದಿದ್ರೆ ಮಾರಿದ ದಿನವೇ, ಲಗಾಮಿನ ಬದ್ಲು, ಗಾಡಿ ಕೀಲಿಕೈಯ ದಾರ ಬಿಚ್ಚಿಟ್ಕೊಂಡಿರ್ತಿದ್ಲು."